ಜಾಗವಿಲ್ಲದ ಫೋನು

ಬಾಗಿಲು ತೆರೆದ ಭಕ್ತಿ ಹಾಗೇ ನಿಂತುಬಿಟ್ಟಳು.

ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ನಿಶಾಂತ ನಿಂತಿದ್ದ. ಅವರಿಬ್ಬರ ಮದುವೆ ನಿಶ್ಚಯವಾದ ವಾರದಲ್ಲೇ ಅವಳ ಅಪ್ಪ ತೀರಿಕೊಂಡಿದ್ದರು. ಆ ದಿನ ಇವನು ಬರಲಿಲ್ಲ. ಆಮೇಲೆ ಬಂದಾಗ ಅವಳು ಕೋಣೆಯಿಂದ ಹೊರಬರಲಿಲ್ಲ. ಹಟದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮೀರಿಸುವವರೇ.

"ಕಾಕು ಕರದಿದ್ರು," ಎಂದ, ಒಳಗಿದ್ದ ಅವಳ ತಾಯಿಯತ್ತ ನೋಡಿ. "ನಿನ್ನ ಹಳೇ ಫೋನಿನ್ಯಾಗ ಕಾಕಾರ ಫೋಟೋ ಅದಾವಂತ. ಕಂಪ್ಯೂಟರಿಗೆ ಇಳಿಸಿಕೊಡು ಅಂದ್ರು."

ಸಿಟ್ಟು ಬರಬೇಕಿತ್ತು... ಬರಲಿಲ್ಲ. ಮೂರು ತಿಂಗಳಿಂದ ಅವಳಿಗೆ ಅಳುವೂ ಬಂದಿರಲಿಲ್ಲ. ಮಲ್ಕಾಜ್‌ಗಿರಿಯ ಆ ಮನೆಯ ಹಿಂದೆಯೇ ರೈಲು ಹಾದುಹೋದರೂ ಕೇಳಿಸುತ್ತಿರಲಿಲ್ಲ.

"ಮೊಸರು ತರ್ತೀನಿ," ಎಂದು ತಾಯಿ ನಲಿನಿ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಅಪ್ಪ ಹೋದ ದಿನದಿಂದ ಕಪಾಟಿನಲ್ಲಿದ್ದ ಫೋನನ್ನು ಭಕ್ತಿ ತಂದುಕೊಟ್ಟಳು. ಅಂದಿನಿಂದ ಅವಳು ಬಳಸುತ್ತಿದ್ದುದು ಅಪ್ಪನ ಫೋನನ್ನೇ. ನಿಶಾಂತ ಅದನ್ನು ಚಾರ್ಜ್ ಮಾಡಿ, ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿದ.

"ಪೂರ್ತಿ ತುಂಬೇತಿ. ಒಂದಿಷ್ಟೂ ಜಾಗ ಇಲ್ಲ."

"ಹೂಂ."

ಫೋಟೋ, ವಿಡಿಯೋಗಳು ಒಂದೊಂದಾಗಿ ಕಂಪ್ಯೂಟರಿಗೆ ಇಳಿದವು. ಎಲ್ಲ ಸರಿಯಾಗಿ ತೆರೆಯುತ್ತವೆಯೇ ಎಂದು ನೋಡಿ, ಅವಳನ್ನು ಕೇಳಿ, ಫೋನಿನಲ್ಲಿದ್ದ ದೊಡ್ಡ ವಿಡಿಯೋಗಳನ್ನು ಅಳಿಸಿದ. ವೈಫೈ ಹಾಕಿ ಮೆಸೇಜಿನ ಆ್ಯಪ್ ತೆರೆದ.

ಮೇಜಿನ ಮೇಲಿದ್ದ ಅವನ ಫೋನು ಸದ್ದು ಮಾಡಿತು. ಓದಿದವನ ಮುಖ ಬಿಳಿಚಿಕೊಂಡಿತು. ಫೋನನ್ನು ಅವಳ ಮುಂದೆ ಹಿಡಿದ.

'ಅಪ್ಪ ಹೋದ್ರು. ನನ್ನ ಕೈಲೆ ಆಗವಲ್ದು. ಲಗೂ ಬಾ.'

"ಇದನ್ನ ಯಾವಾಗ ಕಳಿಸಿದ್ದಿ ಭಕ್ತಿ?"

"ಅವತ್ತ... ದವಾಖಾನಿಯಿಂದ. ಎಲ್ಲಾರಿಗಿಂತ ಮೊದಲ ನಿನಗ."

"ಈಗ ಬಂತು. ಜಾಗ ಇಲ್ಲಂತ ನಿನ್ನ ಫೋನಿನ್ಯಾಗ ಕೂತಿತ್ತು." ಅವನ ದನಿ ಕುಸಿದಿತ್ತು. "ಮರುದಿನ ಬ್ಯಾರೆಯವರಿಂದ ಗೊತ್ತಾತು. ಊರಿಗೆಲ್ಲಾ ಹೇಳಿ ನನಗ ಹೇಳಲಿಲ್ಲಲ್ಲ, ನನ್ನ ಯಾರಂತ ತಿಳದಾಳ ಇಕಿ ಅಂತ ಸಿಟ್ಟಾದೆ. ಸಾವಿನ ಮನಿಗೆ ಕರಿಯೂತನಕ ಕಾಯಬಾರದಿತ್ತು. ತಪ್ಪು ನಂದ."

ಬೇಕೆಂದೇ ಬರಲಿಲ್ಲ ಎಂದು ಅವಳು ಇಷ್ಟು ದಿನ ತಿಳಿದಿದ್ದವನಿಗೆ ಕರೆಯೇ ಮುಟ್ಟಿರಲಿಲ್ಲವೇ?

ನಿಶಾಂತ ಅಲ್ಲೇ ಕುಳಿತು ಏನೋ ಒತ್ತಿದ. ಅವಳ ಹಳೆಯ ಫೋನು ಮೇಜಿನ ಮೇಲೆ ನಡುಗಿತು.

'ಬಂದೆ.'

ಅದನ್ನು ಓದಿದ್ದೇ ತಡ, ಮೂರು ತಿಂಗಳು ಬಾರದಿದ್ದ ಭಕ್ತಿಯ ಅಳು ಒಮ್ಮೆಲೇ ಹೊರಬಿತ್ತು. ಅವನು ಅವಳ ಕೈ ಹಿಡಿದುಕೊಂಡ. ಮನೆಯ ಹಿಂದೆ ರೈಲೊಂದು ಸಾಗಿತು; ಈ ಸಲ ಅವಳಿಗೆ ಕೇಳಿಸಿತು.

"ಹೋಗಬ್ಯಾಡ," ಎಂದಳು.

"ಕಾಕು ಮೊಸರು ತರೂತನಕ ಇರ್ತೀನಿ."

ಅವಳು ಅಳುತ್ತಲೇ ಸಣ್ಣಗೆ ನಕ್ಕಳು.

"ಮೊಸರು ಮನ್ಯಾಗ ಐತಿ. ಆಮ್ಯಾಲೂ ಹೋಗಬ್ಯಾಡ."