ಅಜ್ಜಿ ಊದಿದ ಆಕ್ಟೋಪಸ್

"ನಗಬೇಡ ಮಿರ್ಸೀನಿ! ನಕ್ಕರೆ ಗಾಳಿಯೆಲ್ಲ ಸೋರಿಹೋಗತ್ತೆ," ಅಂದಳು ಅಮ್ಮ, ತಾನೇ ನಗುತ್ತಾ.

ಪರದೆಯ ಹಿಂದೆ ಮಿರ್ಸೀನಿ ನೇರಳೆ ಬಣ್ಣದ ಆಕ್ಟೋಪಸ್ ಟೋಪಿ ಹಾಕಿಕೊಂಡು ನಿಂತಿದ್ದಳು. ಅಜ್ಜಿ ಹೆಣೆದ ಟೋಪಿ. ಅದರ ಕಾಲುಗಳೆಲ್ಲ ಮೂಗಿನ ಮೇಲೆ ಜೋಲಾಡುತ್ತಿದ್ದವು.

ಅಮ್ಮ ಗ್ರೀಸಿನ ಥೆಸಲೋನಿಕಿ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ಉಸಿರಾಟದ ವ್ಯಾಯಾಮ ಮಾಡಿಸುತ್ತಾಳೆ. ಆಸ್ತಮಾ ಇರುವ ಮಕ್ಕಳಿಗೆಂದು ಅವಳೊಂದು ಪೀಪಿ ಮಾಡಿದ್ದಳು. ಉದ್ದಕ್ಕೆ ಊದಿದರೆ ಸ್ಕ್ರೀನಿನಲ್ಲಿ ಆಕ್ಟೋಪಸ್ ಸಮುದ್ರದ ತಳದಿಂದ ಮೇಲೇರುತ್ತದೆ. ಇಂಥ ಐಡಿಯಾಗಳನ್ನು ಬೆಳೆಸುವ ಕಾರ್ಯಕ್ರಮವೊಂದರವರು ಚಳಿಗಾಲವೆಲ್ಲ ಅಮ್ಮನಿಗೆ ಕೆಲಸ ಮಾಡಲು ಕೋಣೆ ಕೊಟ್ಟು, ಎಂಜಿನಿಯರ್‌ಗಳನ್ನೂ ಕೊಟ್ಟಿದ್ದರು. ಇವತ್ತು ಆಯ್ಕೆ. ಗೆದ್ದರೆ ಪೀಪಿ ದೇಶದ ಎಲ್ಲ ಮಕ್ಕಳ ಆಸ್ಪತ್ರೆಗಳಿಗೂ ಹೋಗುತ್ತದೆ. ಸೋತರೆ ಅಮ್ಮನ ಮೇಜಿನ ಮೇಲೇ ಉಳಿಯುತ್ತದೆ.

ಊದಿ ತೋರಿಸಬೇಕಾದವಳು ಮಿರ್ಸೀನಿ.

ಆದರೆ ಬೆಳಿಗ್ಗೆಯಿಂದ ಅವಳ ಎದೆ ಸುಯ್ ಅನ್ನುತ್ತಿತ್ತು. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಇನ್‌ಹೇಲರ್ ತೆಗೆದುಕೊಂಡಿದ್ದಳು. ಅಮ್ಮನಿಗೆ ಹೇಳಿರಲಿಲ್ಲ. ಅಮ್ಮ ಬಸ್ಸಿನಲ್ಲಿ ಜೋರಾಗಿ ಹಾಡುತ್ತಿದ್ದಳು. ಹೇಗೆ ಹೇಳುವುದು?

ಹೆಸರು ಕೂಗಿದರು. ಮಿರ್ಸೀನಿ ವೇದಿಕೆಗೆ ಹೋಗಿ ಊದಿದಳು. ಆಕ್ಟೋಪಸ್ ಚೂರು ಮೇಲೆದ್ದು ಧೊಪ್ಪಂತ ಬಿತ್ತು.

ಮತ್ತೆ ಊದಿದಳು. ಮತ್ತೆ ಧೊಪ್!

"ಟೋಪಿ ಭಾರ ಆಯ್ತೇನೋ!" ಯಾರೋ ಕೂಗಿದರು. ಎಲ್ಲರೂ ನಕ್ಕರು. ಮಿರ್ಸೀನಿಗೂ ನಗು ಬಂತು, ನಗು ಕೆಮ್ಮಾಯಿತು.

ಅಷ್ಟರಲ್ಲಿ ಸಭೆಯಲ್ಲಿ ಕೂತಿದ್ದ ಅಜ್ಜಿ ಕೈಚೀಲದ ಸಮೇತ ವೇದಿಕೆ ಹತ್ತಿಬಿಟ್ಟಳು. "ಇಷ್ಟು ಜನ ಮಗೂನೇ ನೋಡ್ತಾ ಕೂತ್ರೆ ದೃಷ್ಟಿ ಆಗದೆ ಇರತ್ತಾ?"

"ಅಮ್ಮಾ, ಕೆಳಗಿಳಿ!" ಅಂದಳು ಮಿರ್ಸೀನಿಯ ಅಮ್ಮ.

"ನೀನು ಸುಮ್ನಿರೇ!" ಅಜ್ಜಿ ಮಿರ್ಸೀನಿಯ ಎದೆಯ ಕಡೆ ಬಗ್ಗಿ ದೃಷ್ಟಿ ತೆಗೆದಳು. "ಫ್ತೂ! ಫ್ತೂ! ಫ್ತೂ!"

ಪೀಪಿ ಅಡ್ಡ ಇತ್ತು. ಗಾಳಿ ನೇರ ಅದರ ಬಾಯಿಗೇ ಹೋಯಿತು. ಸ್ಕ್ರೀನಿನಲ್ಲಿ ಆಕ್ಟೋಪಸ್ ಮೂರು ಸಲ ಕಾಲು ಝಾಡಿಸಿತು.

ಸಭೆಯೆಲ್ಲ ಘೊಳ್ಳೆಂದಿತು. ಮೊದಲ ಸಾಲಿನಲ್ಲಿದ್ದ ತೀರ್ಪುಗಾರ ಡಾಕ್ಟರು ಕಣ್ಣೊರೆಸಿಕೊಂಡು ಕೇಳಿದರು, "ಇಷ್ಟು ಸಣ್ಣ ಗಾಳೀನೂ ಅದಕ್ಕೆ ಗೊತ್ತಾಗತ್ತಾ?"

"ಆಗತ್ತೆ," ಅಂದಳು ಅಮ್ಮ. "ಆದ್ರೆ ಅದಕ್ಕೆಲ್ಲ ಮೇಲೇರಲ್ಲ. ಉದ್ದ ಊದಬೇಕು."

"ಎದೆ ಕಟ್ಟಿರೋ ಮಗು ಏನ್ಮಾಡ್ಬೇಕು ಮತ್ತೆ?"

ಅಮ್ಮ ಪೀಪಿಯ ಕಡೆ ನೋಡಿದಳು.

ಮಿರ್ಸೀನಿ ಟೋಪಿ ತೆಗೆದಳು. "ಇವತ್ತು ನಂಗೆ ಎದೆ ಕಟ್ಟಿದೆ. ಉದ್ದ ಊದಕ್ಕಾಗಲ್ಲ. ಅಜ್ಜಿ ಥರ ಆದ್ರೆ ಊದಕ್ಕಾಗತ್ತೆ." ಪೀಪಿಗೆ ಬಾಯಿಟ್ಟಳು. ಫ್ತೂ. ಫ್ತೂ. ಆಕ್ಟೋಪಸ್ ಕಾಲು ಝಾಡಿಸಿತು.

ತೀರ್ಪುಗಾರರು ಮೂವರೂ ತಲೆ ಸೇರಿಸಿ ಪಿಸುಗುಟ್ಟಿದರು. ಆಮೇಲೆ ಡಾಕ್ಟರು ಎದ್ದು ನಿಂತರು. "ಈ ಫ್ತೂಗೂ ಅದನ್ನ ಮೇಲೇರಿಸಿ ತೋರಿಸಿ. ಅಲ್ಲಿತನಕ ಕೋಣೆ ನಿಮ್ಮದೇ, ಎಂಜಿನಿಯರ್‌ಗಳೂ ನಿಮ್ಮವರೇ. ಆಮೇಲೆ ಎಲ್ಲ ಆಸ್ಪತ್ರೆಗೂ ಕಳಿಸೋಣ."

ಅಜ್ಜಿ ಖುಷಿಯಿಂದ ಅವರಿಗೂ ಫ್ತೂ ಅಂದಳು. ಕೈಚೀಲದಿಂದ ಎಳ್ಳಿನ ಬ್ರೆಡ್ ತೆಗೆದು ಕೊಟ್ಟಳು.

ಮನೆಯ ದಾರಿ ಏರು. ಅಜ್ಜಿ ಸಿಕ್ಕವರಿಗೆಲ್ಲ ಕತೆ ಹೇಳುತ್ತಾ ಹಿಂದೆ ಉಳಿದಿದ್ದಳು.

"ಬೆಳಿಗ್ಗೆ ಯಾಕೆ ಹೇಳ್ಲಿಲ್ಲ ಪುಟ್ಟಾ?" ಅಮ್ಮ ಕೇಳಿದಳು.

"ನೀನು ಹಾಡ್ತಾ ಇದ್ದೆ."

ಅಮ್ಮ ಅವಳ ಕೈ ಹಿಡಿದು, ನಡಿಗೆ ನಿಧಾನ ಮಾಡಿದಳು.

ಮಿರ್ಸೀನಿಯ ಎದೆ ಸುಯ್ ಅಂದಿತು. ಈ ಸಲ ಅವಳು ಮುಚ್ಚಿಡದೆ, ಉಸಿರನ್ನು ಅಮ್ಮನಿಗೆ ಕೇಳುವಷ್ಟು ಜೋರಾಗಿಯೇ ಬಿಟ್ಟಳು.