ಶಾಲೆಗೆ ಬಂದ ಹುಂಜ

ಊಟದ ಬೆಲ್ ಹೊಡೆದಿತ್ತು. ಶಾಲೆಯ ಗೇಟಿನಲ್ಲಿ ಆರಡಿ ಎತ್ತರದ ಹುಂಜವೊಂದು ವಾಚ್‌ಮನ್ ಜೊತೆ ವಾದ ಮಾಡುತ್ತಿತ್ತು.

"ಒಳಗೆ ಬಿಡಕ್ಕಾಗಲ್ಲ. ಐಡಿ ಕಾರ್ಡ್ ಎಲ್ಲಿ?" ಎಂದರು ವಾಚ್‌ಮನ್.

"ಪುಕ್ಕದ ಒಳಗಿದೆ. ಜಿಪ್ಪು ಬೆನ್ನ ಮೇಲಿದೆ. ಸ್ವಲ್ಪ ಎಳೀತೀರಾ?" ಎಂದಿತು ಹುಂಜ.

"ಕೋಳಿ ಬಿಚ್ಚೋದು ನನ್ನ ಡ್ಯೂಟಿ ಅಲ್ಲ."

ಮಕ್ಕಳೆಲ್ಲ ಮುತ್ತಿಕೊಂಡರು. ಅಷ್ಟರಲ್ಲಿ ಕೊಕ್ಕಿನ ಸಂದಿಯಿಂದ ದನಿ ಬಂತು: "ಪಿಟೀಲೂ! ಏ ಪಿಟೀಲೂ!"

ಗುಂಪಿನಲ್ಲಿದ್ದ ಹುಡುಗಿಯೊಬ್ಬಳು ಗೆಳತಿಯ ಬೆನ್ನ ಹಿಂದೆ ಸರಿದಳು. ಹಸುಗೂಸಾಗಿದ್ದಾಗ ಅವಳು ಅಳುತ್ತಿದ್ದ ರಾಗ ಕೇಳಿ ಮನೆಯವರಿಟ್ಟ ಹೆಸರು ಅದು; ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹುಂಜದೊಳಗೆ ಇದ್ದದ್ದು ಅಪ್ಪ! ಎದುರಿನ ಚಿಕನ್ ಅಂಗಡಿಯ ಮುಂದೆ ಹುಂಜದ ವೇಷ ಹಾಕಿ ಕುಣಿಯುವುದು, ಚಿಕನ್ ತಿನ್ನಿ ಬನ್ನಿ ಎಂದು ಜನರನ್ನು ಕರೆಯುವುದು ಅವನ ಹೊಸ ಕೆಲಸ. ಕ್ಲಾಸಿನಲ್ಲಿ ಮಾತ್ರ ಪಿಟೀಲು "ನಮ್ಮಪ್ಪ ಆಫೀಸರ್" ಎಂದು ಬುರುಡೆ ಬಿಟ್ಟಿದ್ದಳು.

"ಅದು ನಿನ್ನನ್ನೇ ನೋಡ್ತಿದೆ ಕಣೇ. ನಿಂಗೆ ಗೊತ್ತಾ?" ಎಂದಳು ಗೆಳತಿ.

"ಛೀ! ನಂಗೆ ಯಾವ ಹುಂಜಾನೂ ಗೊತ್ತಿಲ್ಲ."

"ಏನಮ್ಮಾ, ನಿಮ್ಮನೇದಾ ಇದು?" ವಾಚ್‌ಮನ್ ಕೇಳಿದರು.

"ಅಲ್ಲ ಅಂಕಲ್."

ಗಲಾಟೆ ಕೇಳಿ ಗಣಿತದ ಮಿಸ್ ಓಡಿ ಬಂದರು. "ಹೆದರ್ಬೇಡ, ಹೇಳು. ಯಾರಿವರು?"

"ದೇವ್ರಾಣೆ ಗೊತ್ತಿಲ್ಲ ಮಿಸ್!"

ಹುಂಜ ಒಂದು ಹೆಜ್ಜೆ ಹಿಂದೆ ಸರಿಯಿತು. ಆಮೇಲೆ ರೆಕ್ಕೆಯೊಳಗಿಂದ ಕನ್ನಡಕದ ಡಬ್ಬಿ ತೆಗೆದು ಮಿಸ್ ಕೈಗಿಟ್ಟಿತು. "ದಾರೀಲಿ ಬಿದ್ದಿತ್ತು ಮೇಡಂ. ಯಾವ ಮಗೂದೋ ಏನೋ. ಇವತ್ತು ಟೆಸ್ಟ್ ಅಂತೆ, ಕಣ್ಣು ಕಾಣ್ಬೇಕಲ್ಲ."

"ಕೂಗು, ಕೂಗು" ಎಂದು ಚಿಕ್ಕ ಮಕ್ಕಳು ಬಿಡಲಿಲ್ಲ. ಅವರಿಗಾಗಿ "ಕೊಕ್ಕೊಕ್ಕೋ!" ಎಂದು ಒಮ್ಮೆ ಕೂಗಿ, ಹುಂಜ ರಸ್ತೆ ದಾಟಿ ಹೋಯಿತು.

ಡಬ್ಬಿಯ ಮೇಲೆ ಅವಳ ಹೆಸರಿತ್ತು. ಮಿಸ್ ಏನೂ ಕೇಳದೆ ಅದನ್ನು ಅವಳ ಡೆಸ್ಕಿನ ಮೇಲಿಟ್ಟರು. ಟೆಸ್ಟಿನಲ್ಲಿ ಲೆಕ್ಕಗಳೆಲ್ಲ ನಿಚ್ಚಳವಾಗಿ ಕಂಡವು. ಒಂದೂ ತಲೆಗೆ ಹೋಗಲಿಲ್ಲ.

ಸಂಜೆ ಪ್ರಾರ್ಥನೆಗೆ ಅಜ್ಜಿ ಬೈಬಲ್ ತೆರೆದಳು. ನಿನ್ನೆ ಬಿಟ್ಟಲ್ಲಿಂದ ಮುಂದಕ್ಕೆ ಓದುವುದು ಅವಳ ರೂಢಿ. ಇವತ್ತು ಬಂದದ್ದು ಪೇತ್ರನ ಕತೆ. ಯೇಸುವನ್ನು ಹಿಡಿದುಕೊಂಡು ಹೋದಾಗ, ಜೀವಕ್ಕೆ ಜೀವ ಕೊಡುತ್ತೇನೆ ಎನ್ನುತ್ತಿದ್ದ ಪೇತ್ರ ಹೆದರಿ, "ಅವನು ಯಾರೋ ನನಗೆ ಗೊತ್ತಿಲ್ಲ" ಎಂದು ಮೂರು ಸಲ ಹೇಳಿದ.

"ಕೂಡಲೇ ಕೋಳಿ ಕೂಗಿತು," ಎಂದು ಅಜ್ಜಿ ಓದಿದಳು.

ಪಿಟೀಲಿಗೆ ಬಿಕ್ಕಳಿಕೆ ಶುರುವಾಯಿತು. ಅಪ್ಪ ಜೋರಾಗಿ ಕೆಮ್ಮಿದ. ಅವನ ಕಿವಿಯ ಹಿಂದೆ ಕೆಂಪು ಪುಕ್ಕವೊಂದು ಇನ್ನೂ ಅಂಟಿಕೊಂಡಿತ್ತು.

"ಆಮೇಲೆ ಯೇಸುಸ್ವಾಮಿ ಅವನಿಗೆ ಬೈದ್ರಾ ಅಜ್ಜಿ?" ಎಂದು ಕೇಳಿದಳು ಪಿಟೀಲು.

"ಇಲ್ವೇ! ಸತ್ತು ಎದ್ದು ಬಂದ್ಮೇಲೆ ಒಂದು ಬೆಳಗ್ಗೆ ನೀರಿನ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, 'ಬನ್ರಪ್ಪಾ, ತಿನ್ನಿ' ಅಂತ ಕರೆದ್ರು."

"ಅವನಿಗೂನಾ?"

"ಅವನಿಗೂನೂ. ಪುಕ್ಕಲ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಜೊತೆಗೆ ಇಟ್ಕೊಂಡಿದ್ರು."

"ಕೋಳೀನ ಯಾರೂ ಸುಡ್ಲಿಲ್ಲ ತಾನೇ?" ಎಂದ ಅಪ್ಪ.

ಪಿಟೀಲು ಏನೋ ಹೇಳಲು ಬಾಯಿ ತೆರೆದಳು. ಬರೀ ಬಿಕ್ಕಳಿಕೆ ಬಂತು. ಅಪ್ಪ ನೀರಿನ ಲೋಟ ಅವಳ ಮುಂದೆ ಸರಿಸಿದ.

ಮರುದಿನ ಶಾಲೆ ಬಿಟ್ಟಾಗ ಹುಂಜ ಅಂಗಡಿಯ ಮುಂದೆ ಕುಣಿಯುತ್ತಿತ್ತು. ಆದರೆ ಬಾಲ ಶಾಲೆಯ ಕಡೆಗಿತ್ತು, ಕೊಕ್ಕು ಗೋಡೆಯ ಕಡೆಗೆ. ಜನರೆಲ್ಲ ಬೆನ್ನ ಹಿಂದೆ ಹೋಗುತ್ತಿದ್ದರೆ ಅದು ಗೋಡೆಗೇ ಕೈಮುಗಿದು "ಬನ್ನಿ ಸಾರ್, ಬನ್ನಿ, ಬಿಸಿಬಿಸಿ ಚಿಕನ್!" ಎನ್ನುತ್ತಿತ್ತು.

"ಹುಚ್ಚು ಹುಂಜ! ಗೋಡೆ ಎಲ್ಲಾದ್ರೂ ಚಿಕನ್ ತಿನ್ನುತ್ತಾ?" ಗೆಳತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಪಿಟೀಲು ನಗಲಿಲ್ಲ. ಅದು ಯಾರಿಗೋಸ್ಕರ ಹಾಗೆ ತಿರುಗಿ ನಿಂತಿದೆ ಎಂಬುದು ಇಡೀ ರಸ್ತೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಅವಳು ಗೆಳತಿಯ ಕೈ ಹಿಡಿದು ಆ ಕಡೆ ಈ ಕಡೆ ನೋಡಿದಳು.

"ಬಾರೇ, ನಮ್ಮಪ್ಪನ್ನ ತೋರಿಸ್ತೀನಿ."

ಇಬ್ಬರೂ ರಸ್ತೆ ದಾಟಿದರು. ಹುಂಜ ಮಾತ್ರ ಏನೂ ತಿಳಿಯದೆ ಇನ್ನೂ ಗೋಡೆಯನ್ನು ಕರೆಯುತ್ತಲೇ ಇತ್ತು.