ಅವಧಿ ಇಲ್ಲದ ಖಾತೆ

ಸೆಪ್ಟೆಂಬರ್ 3, ಮಂಗಳವಾರ ಬೆಳಿಗ್ಗೆ 10.15ಕ್ಕೆ ಔಷಧ ಕಂಪನಿಯ ಮ್ಯಾನೇಜರ್ ಠಾಣೆಗೆ ದೂರು ತಂದರು. ಆರು ತಿಂಗಳಲ್ಲಿ ಗೋದಾಮಿನಿಂದ ಇಪ್ಪತ್ತಾರು ಸೀಸೆ ಇಂಜೆಕ್ಷನ್ ಕಾಣೆಯಾಗಿತ್ತು. ಎಲ್ಲವೂ ಒಡೆದುಹೋದವು ಎಂದು ಕಂಪ್ಯೂಟರಿನಲ್ಲಿ ದಾಖಲಾಗಿದ್ದು ಹಳೆಯ ಸ್ಟೋರ್‌ಕೀಪರನ ಖಾತೆಯಿಂದ. ಆತ ತೀರಿಕೊಂಡು ಎಂಟು ತಿಂಗಳಾಗಿತ್ತು.

"ಸತ್ತೋರು ಎದ್ದು ಬಂದು ಸೀಸೆ ಒಡೀತಾರಾ ಸಾರ್?" ಎಂದ ಹೆಡ್ ಕಾನ್‌ಸ್ಟೆಬಲ್.

ಇನ್‌ಸ್ಪೆಕ್ಟರ್ ನಗಲಿಲ್ಲ. ಎಫ್‌ಐಆರ್ ದಾಖಲಿಸಿ 11.40ಕ್ಕೆ ಕಂಪನಿಗೆ ಹೋದರು. ಕಂಪ್ಯೂಟರ್ ವಿಭಾಗವೆಂದರೆ ಒಬ್ಬನೇ ಒಬ್ಬ ಬಡಕಲು ಮನುಷ್ಯ. ಮೌಸ್ ಬದಲಾಯಿಸಿದರೂ ಪುಸ್ತಕದಲ್ಲಿ ಬರೆದು ಸಹಿ ಹಾಕುವವನಾದ್ದರಿಂದ ಎಲ್ಲರ ಬಾಯಲ್ಲೂ ಅವನು ರಿಜಿಸ್ಟರಪ್ಪ.

"ಪಾಸ್‌ವರ್ಡ್ ಎಷ್ಟು ದಿನಕ್ಕೆ ಬದಲಾಯಿಸ್ಬೇಕು?"

"ತೊಂಬತ್ತು ದಿನ ಸಾರ್. ಇಲ್ಲಾಂದ್ರೆ ಖಾತೆ ತಾನಾಗೇ ಮುಚ್ಚಿಹೋಗುತ್ತೆ."

"ಇದು ಯಾಕೆ ಮುಚ್ಚಿಲ್ಲ?"

"ಕೆಲವಕ್ಕೆ ಅವಧಿ ಇರಲ್ಲ. ಶೀತಕೋಣೆ ಯಂತ್ರ, ಲೇಬಲ್ ಯಂತ್ರ... ಅವುಗಳ ಪಾಸ್‌ವರ್ಡ್ ಬದಲಾಯಿಸೋಕೆ ಮನುಷ್ಯರು ಕೂತಿರಲ್ವಲ್ಲ."

"ಸ್ಟೋರ್‌ಕೀಪರ್ ಯಾವ ಯಂತ್ರ?"

ಅವನು ರಿಜಿಸ್ಟರಿನ ಮೇಲೆ ಕೈ ಇಟ್ಟ. ಇನ್‌ಸ್ಪೆಕ್ಟರ್ ರಿಜಿಸ್ಟರ್ ಎಳೆದುಕೊಂಡು ಹಾಳೆ ತಿರುವಿದರು. ಮಾರ್ಚ್ 4: 'ಸ್ಟೋರ್‌ಕೀಪರ್ ಖಾತೆ. ಹೊಸ ಪಾಸ್‌ವರ್ಡ್. ಅವಧಿ ಇಲ್ಲ. ಕಾರಣ: ಅಕ್ಕ.' ಕೆಳಗೆ ಸಹಿ. ಇಪ್ಪತ್ತು ವರ್ಷದ ನೌಕರಿಯಲ್ಲಿ, ಕಳ್ಳತನಕ್ಕೂ ಸಹಿ ಹಾಕಿದವನನ್ನು ಅವರು ಕಂಡಿರಲಿಲ್ಲ.

"ಬರೀದೇ ಇರೋಕಾಗಲಿಲ್ಲ ಸಾರ್. ಸುಳ್ಳು ಕಾರಣ ಬರೆಯೋಕೂ ಕೈ ಬರಲಿಲ್ಲ. ಹೇಗೂ ಯಾರೂ ಓದಲ್ಲ." ಶೀತಕೋಣೆ ಯಂತ್ರ ನೋಡುವ ನೆಪದಲ್ಲಿ ವಾರಕ್ಕೊಂದು ಸೀಸೆ ಜೇಬಿಗಿಳಿಸುತ್ತಿದ್ದುದನ್ನೂ ತಾನೇ ಹೇಳಿದ.

3.30ಕ್ಕೆ ಅವನ ಮನೆ. ಒಂದೇ ಕೋಣೆ. ಮಂಚದ ಮೇಲೆ ಅಕ್ಕ. ಕುತ್ತಿಗೆಯ ಎರಡೂ ಕಡೆ ದಿಂಬು, ಒಂದೊಂದು ಉಸಿರಿಗೂ ಒದ್ದಾಟ. ಫ್ರಿಜ್‌ನಲ್ಲಿ ಎರಡು ಸೀಸೆ ಉಳಿದಿತ್ತು.

"ಎರಡು ವರ್ಷ ಕಂಪನಿಯವ್ರು ಈ ಔಷಧಾನ ಇವಳ ಮೇಲೇ ಪ್ರಯೋಗ ಮಾಡಿದ್ರು. ಎದ್ದು ಓಡಾಡ್ತಿದ್ಲು ಸಾರ್. ಆಮೇಲೆ ಪ್ರಯೋಗ ಮುಗೀತು, ಇನ್ನು ಬರ್ಬೇಡಿ ಅಂದ್ರು. ಅಂಗಡೀಲೂ ಸಿಗಲ್ಲ. ವಾರಕ್ಕೊಂದು ಸೂಜಿ, ಇವತ್ತು ನಾಲ್ಕು ಗಂಟೆಗೆ ಕೊಡ್ಬೇಕು. ಕಾಲು ಹಿಡ್ಕೋತೀನಿ."

"ಪಂಚರು ಬಂದಿದ್ದಾರೆ ಸಾರ್. ಪಂಚನಾಮೆ ಶುರು ಮಾಡೋಣ್ವಾ?" ಹೆಡ್ ಕಾನ್‌ಸ್ಟೆಬಲ್ ಕೇಳಿದ.

ಗಡಿಯಾರ 3.50 ತೋರಿಸುತ್ತಿತ್ತು. "ಪೆನ್ನು ಬರೀತಿಲ್ಲ. ಇನ್ನೊಂದು ತಗೊಂಡ್ಬಾ. ಪಂಚರೂ ಹೊರಗಿರ್ಲಿ."

ಹೆಡ್ ಕಾನ್‌ಸ್ಟೆಬಲ್ ಸಾಹೇಬರ ಜೇಬಿನಲ್ಲಿದ್ದ ಮೂರು ಪೆನ್ನು ನೋಡಿದ, ಹೊರಗೆ ಹೋದ.

4.20ಕ್ಕೆ ಪಂಚನಾಮೆ ಬರೆದರು: ತುಂಬಿದ ಸೀಸೆ ಒಂದು, ಖಾಲಿ ಸೀಸೆ ಒಂದು, ಸಿರಿಂಜ್ ಒಂದು. 4.45ಕ್ಕೆ ಬಂಧನ.

"ಸಾಹೇಬ್ರೇ, ಅವನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ," ಎಂದಳು ಅಕ್ಕ. ಮುಂದಿನ ಮಂಗಳವಾರದ ಮಾತನ್ನು ಯಾರೂ ಎತ್ತಲಿಲ್ಲ.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಅಕ್ಕನ ಔಷಧದ ವಿಷಯಕ್ಕೆ ಕಂಪನಿಗೆ ಮೂರು ಸಲ ಫೋನ್ ಮಾಡಿದರು. ಮೀಟಿಂಗ್‌ನಲ್ಲಿದ್ದಾರೆ ಎಂಬ ಉತ್ತರವೇ ಬಂತು. ಕೃತ್ಯದ ಉದ್ದೇಶ ಬರೆಯುವಲ್ಲಿ ಬೇರೇನೂ ತೋಚದೆ 'ಅಕ್ಕ' ಎಂದೇ ಬರೆದರು. ತುಂಬಿದ ಸೀಸೆಗೆ ಅರಗು ಮುದ್ರೆ ಒತ್ತಿ ಜಪ್ತಿ ಮಾಲಿನ ಬೀರುವಿನಲ್ಲಿ ಇಟ್ಟರು. ಶೀತದಲ್ಲಿಡದಿದ್ದರೆ ಔಷಧ ಒಂದು ದಿನವೂ ಉಳಿಯುವುದಿಲ್ಲವೆಂದು ಸೀಸೆಯ ಮೇಲೆಯೇ ಬರೆದಿತ್ತು. ಠಾಣೆಯಲ್ಲಿ ಫ್ರಿಜ್ ಇರಲಿಲ್ಲ.